ಗಾಯಕಿಯನ್ನು ಬದಲಿಸಿದ್ದರಿಂದ ಡಿಕ್ಸಿ ಚಿಕ್ಸ್ ಗೆದ್ದದ್ದಲ್ಲ

ಹೊಸ ಗಾಯಕಿಯನ್ನು ತಂದರೆ, ಅಮೆರಿಕದ ಕಂಟ್ರಿ (ಅಲ್ಲಿನ ಗ್ರಾಮೀಣ ಜನಪದದಿಂದ ಬೆಳೆದ ಸಂಗೀತ) ತಂಡವಾದ, 2020ರಿಂದ ‘ದಿ ಚಿಕ್ಸ್’ ಎಂದು ಹೆಸರು ಬದಲಿಸಿಕೊಂಡ ಡಿಕ್ಸಿ ಚಿಕ್ಸ್‌ನಂತೆ ನಿಮ್ಮ ಹೆಣ್ಣುಮಕ್ಕಳ ಕಂಟ್ರಿ ತಂಡವೂ ಮೇಲೇರೀತೇ ಎಂದು ಕೇಳಿದ್ದೀರಿ. ನಾನು ಟೆಕ್ಸಾಸ್‌ನಲ್ಲಿದ್ದಾಗ ನಮ್ಮ ತಂಡವೂ ಇದನ್ನೇ ನಂಬಿ ಮುರಿದುಹೋಯಿತು.

ನಾನು ಕರ್ನಾಟಕ ಸಂಗೀತ ಕಲಿತವಳು. ಆ ತಂಡದ ಮಾರ್ಟಿಯವರ ಫಿಡಲ್ (ಕಂಟ್ರಿ ಶೈಲಿಯ ಪಿಟೀಲು) ಕೇಳಿದ ಮೇಲೆ, ಪಾದಕ್ಕೆ ಆನಿಸಿ ನುಡಿಸುತ್ತಿದ್ದ ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡೆ. ನಾವು ನಾಲ್ವರು ಗೆಳತಿಯರು ವಾರಾಂತ್ಯಗಳಲ್ಲಿ ನುಡಿಸುತ್ತಿದ್ದೆವು. ನಿರ್ಮಾಪಕರೊಬ್ಬರು ಗಾಯಕಿಯನ್ನು ಬದಲಿಸಿದರೆ ರೆಕಾರ್ಡ್ ಮಾಡುತ್ತೇನೆ ಎಂದರು. 1995ರಲ್ಲಿ ಡಿಕ್ಸಿ ಚಿಕ್ಸ್ ಗಾಯಕಿ ಲಾರಾ ಲಿಂಚ್ ಹೋಗಿ ನಟಾಲಿ ಮೇನ್ಸ್ ಬಂದದ್ದು, ಅವರ 1998ರ ಆಲ್ಬಂ ‘ವೈಡ್ ಓಪನ್ ಸ್ಪೇಸಸ್’ ಅಮೆರಿಕದಲ್ಲೇ ಕೋಟಿ ಪ್ರತಿ ದಾಟಿದ್ದು ನಮ್ಮ ಕಣ್ಣ ಮುಂದಿತ್ತು. ಗೆಳತಿಯನ್ನು ಕಳುಹಿಸಿಬಿಟ್ಟೆವು.

ಅವಳೊಂದಿಗೆ ಹಾಡುಗಳೂ ಹೋದವು. ಇದನ್ನು ಬಿಡಿಸಿ ಹೇಳಲೇಬೇಕು. ಸಾಹಿತ್ಯ ಅವಳದು, ಧಾಟಿ ನನ್ನದು, ಕೆಲವು ಸಾಲುಗಳನ್ನು ಎಲ್ಲರೂ ಕೂಡಿ ತಿದ್ದಿದ್ದೆವು. ಯಾವುದು ಯಾರದೆಂದು ಒಂದು ಚೀಟಿಯಲ್ಲೂ ಬರೆದಿರಲಿಲ್ಲ. ಗೆಳತಿಯರ ನಡುವೆ ಕರಾರುಪತ್ರವೇಕೆ ಎಂದುಕೊಂಡಿದ್ದೆವು. ಅವಳು ರೆಕಾರ್ಡ್ ಮಾಡಲು ಒಪ್ಪಿಗೆ ಕೊಡಲಿಲ್ಲ, ಏಕೆ ಕೊಡಬೇಕಿತ್ತು? ಬಂದವಳು ಚೆನ್ನಾಗಿಯೇ ಹಾಡುತ್ತಿದ್ದಳು, ಆದರೆ ಅವಳಿಗೆ ಹಾಡಲು ನಮ್ಮದೆನ್ನುವ ಹಾಡೇ ಉಳಿದಿರಲಿಲ್ಲ. ಬೇರೆಯವರ ಹಾಡುಗಳನ್ನು ನುಡಿಸುವ ತಂಡಕ್ಕೆ ದುಡ್ಡು ಹಾಕಲಾರೆ ಎಂದು ನಿರ್ಮಾಪಕರೂ ಕೈಬಿಟ್ಟರು.

ನಟಾಲಿಯವರ ಕಂಠ ಅಸಾಧಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬರುವ ಹೊತ್ತಿಗೆ ಮಾರ್ಟಿ ಮತ್ತು ಎಮಿಲಿ ಸೋದರಿಯರು 1989ರಿಂದ ಡಲ್ಲಾಸ್‌ನ ಬೀದಿಬದಿಯಲ್ಲಿ ನುಡಿಸಿ, ದೊಡ್ಡ ಕಂಪನಿಯ ನೆರವಿಲ್ಲದೆ ಮೂರು ಆಲ್ಬಂ ತಂದು ಪಳಗಿದ್ದರು. ನಟಾಲಿ ಕೂಡ ಎಲ್ಲಿಂದಲೋ ಬಂದವರಲ್ಲ. ಅವರ ತಂದೆ ಲಾಯ್ಡ್ ಮೇನ್ಸ್ ಅದಾಗಲೇ ಈ ತಂಡದ ಆಲ್ಬಂಗಳಿಗೆ ಸ್ಟೀಲ್ ಗಿಟಾರ್ ನುಡಿಸಿದ್ದರು. ಹೊಸ ಕಂಠ ಬಂತೆಂದು ಫಿಡಲ್, ಬ್ಯಾಂಜೋ ಹಿಂದಕ್ಕೆ ಸರಿಯಲಿಲ್ಲ. ಅಷ್ಟು ಗೆದ್ದವರೂ 2001ರಲ್ಲಿ ರಾಯಧನದ ಲೆಕ್ಕಕ್ಕಾಗಿ ತಮ್ಮ ರೆಕಾರ್ಡ್ ಕಂಪನಿ ಸೋನಿಯೊಂದಿಗೆ ನ್ಯಾಯಾಲಯದಲ್ಲಿ ಸೆಣಸಬೇಕಾಯಿತು. 2002ರಲ್ಲಿ ರಾಜಿಯಾದಾಗ ‘ಓಪನ್ ವೈಡ್’ ಎಂಬ ತಮ್ಮದೇ ಲೇಬಲ್ (ಆಲ್ಬಂ ಹೊರತರುವ ಸಂಸ್ಥೆ) ಪಡೆದರು. ಅವರ ಏಳಿಗೆಯಲ್ಲಿ ನಾನು ಹೆಚ್ಚು ಮೆಚ್ಚುವುದು ಇದನ್ನೇ.

ಗಾಯಕಿಯ ವಿಚಾರ ಬದಿಗಿಡಿ. ಈ ವಾರವೇ ಎಲ್ಲರೂ ಕುಳಿತು ಪ್ರತಿ ಹಾಡಿನ ಸಾಹಿತ್ಯ ಯಾರದು, ಧಾಟಿ ಯಾರದು, ತಂಡದ ಹೆಸರು ಯಾರಿಗೆ ಸೇರಿದ್ದು ಎಂದು ಬರೆದು ಸಹಿ ಹಾಕಿ. ಬದಲಾವಣೆ ಬೇಕೆನ್ನುವ ಕಂಪನಿಯವರನ್ನು, ರೆಕಾರ್ಡಿಂಗ್‌ನಲ್ಲಿ ವಾದ್ಯ ನುಡಿಸುವವರು ನಾವೇನಾ ಎಂದು ನೇರವಾಗಿ ಕೇಳಿ. ಅಲ್ಲ ಎಂದರೆ ಎದ್ದು ಬನ್ನಿ.