ತೋಟದ ಸೇವೆಯ ಬಗ್ಗೆ ಸಂಶೋಧನಾ ಲೇಖನ ಬರೆಯೋದನ್ನ ಕಲಿಯೋದು ಹೇಗೆ?

ಸಕಲೇಶಪುರದ ಕಡೆ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಎಂಟು ವರ್ಷದಿಂದ ಸೇವೆ ಮಾಡ್ತಿದ್ದೀರಿ. ದೇವಶಾಸ್ತ್ರದ ಪದವಿ ಬಿ.ಟಿಎಚ್. ಓದಿದ್ದು ಕನ್ನಡದಲ್ಲಿ. ಈಗ ಅಲ್ಲಿ ಕಂಡದ್ದನ್ನು ದೇವಶಾಸ್ತ್ರದ ಜರ್ನಲ್‌ಗೆ ಬರೆಯೋ ಆಸೆ, ಆದರೆ ಆರಾಧನೆಯಲ್ಲಿ ಹೇಳೋ ಪ್ರಸಂಗ ಬಿಟ್ಟು ಬೇರೇನೂ ಬರೆದು ಗೊತ್ತಿಲ್ಲ ಅಂದಿದ್ದೀರಿ. ನಾನು ಹಾಸನದ ಹತ್ತಿರ ಸಭಾಪಾಲಕ. ನಾನೂ ಬರೀ ಪ್ರಸಂಗ ಬರೆಯೋದರಿಂದಲೇ ಶುರು ಮಾಡಿದವನು. ಖಂಡಿತ ಬರೆಯಿರಿ.

ಪ್ರಸಂಗದಲ್ಲಿ ಕೇಳುವವರು ಮೊದಲೇ ನಮ್ಮ ಜೊತೆ ಇರ್ತಾರೆ. ಲೇಖನ ಓದುವವರು ಹಾಗಲ್ಲ. ನಿಮ್ಮ ಮಾತನ್ನು ಒಪ್ಪದವರೂ ನೀವು ಹೋದ ದಾರಿಯಲ್ಲೇ ಹೋಗಿ ಪರೀಕ್ಷೆ ಮಾಡೋ ಹಾಗಿರಬೇಕು.

ನನ್ನ ಮೊದಲ ಲೇಖನ ಹಳ್ಳಿ ಸಭೆಗಳ ಹೆಂಗಸರ ಪ್ರಾರ್ಥನಾ ಕೂಟದ ಬಗ್ಗೆ. 'ಈ ಕೂಟದಿಂದ ಬಹಳ ಹೆಂಗಸರಿಗೆ ಧೈರ್ಯ ಬಂದಿದೆ' ಅಂತ ಬರೆದಿದ್ದೆ. ಜರ್ನಲ್ಲಿನ ಪರವಾಗಿ ಲೇಖನ ಓದಿ ನೋಡೋ ಪರಿಶೀಲಕರು ಮೂರು ಪ್ರಶ್ನೆ ಕೇಳಿ ವಾಪಸ್ ಕಳಿಸಿದರು. ಎಷ್ಟು ಹೆಂಗಸರನ್ನು ಮಾತಾಡಿಸಿದ್ದೀರಿ? ಯಾವಾಗ? ಕೂಟಕ್ಕೆ ಬರೋದು ಬಿಟ್ಟವರು ಏನಂತಾರೆ? ಒಂದು ವಾರ ತುಂಬ ಬೇಜಾರಾಯ್ತು. ಆಮೇಲೆ ಬರೋದು ಬಿಟ್ಟಿದ್ದ ಒಬ್ಬ ಅಕ್ಕನ ಮನೆಗೆ ಹೋದೆ. 'ಅಯ್ಯನವರೇ, ನೀವು ಕೂಟ ಇಡೋದೇ ಡೈರಿಗೆ ಹಾಲು ಹಾಕೋ ಹೊತ್ತಲ್ಲಿ' ಅಂದರು. ಅಷ್ಟು ವರ್ಷ ಅವರಿಗೆ ವಿಶ್ವಾಸ ಕಡಿಮೆಯಾಗಿದೆ ಅಂದುಕೊಂಡಿದ್ದೆ! ಲೇಖನವನ್ನು ಮೊದಲಿಂದ ಬರೆದೆ. ಕೂಟದ ಹೊತ್ತನ್ನೂ ಬದಲಾಯಿಸಿದೆವು. ಸೇವೆಯಲ್ಲಿರುವವರು ಇಂಥ ಬರವಣಿಗೆ ಕಲಿಯಬೇಕು ಅಂತ ನಾನು ಇಷ್ಟು ಒತ್ತಿ ಹೇಳೋದು ಇದಕ್ಕೇ.

ಹಾಗಾಗಿ ದೊಡ್ಡ ವಿಷಯ ಬೇಡ. 'ಮಲೆನಾಡಿನಲ್ಲಿ ಸುವಾರ್ತೆ' ಅಂದರೆ ಎಲ್ಲಿಂದ ಶುರು, ಎಲ್ಲಿಗೆ ಮುಕ್ತಾಯ? 'ಒಂದು ತೋಟದ ಲೈನ್ ಮನೆಗಳಲ್ಲಿ ಭಾನುವಾರದ ಆರಾಧನೆ ಯಾವ ಭಾಷೆಯಲ್ಲಿ ನಡೆಯುತ್ತೆ, ಯಾಕೆ' ಅಂತ ಕೇಳಿಕೊಳ್ಳಿ. ಒಂದು ಲೇಖನಕ್ಕೆ ಅಷ್ಟು ಸಾಕು.

ಇನ್ನೊಂದು, ಯಾರ ಮಾತು ಯಾರದು ಅಂತ ಹೇಳೋದು. ನಮ್ಮ ಜಿಲ್ಲೆಯ ಸಾತಹಳ್ಳಿಯಲ್ಲಿ ಇನ್ನೂರು ವರ್ಷದ ಹಿಂದೆ ಫ್ರಾನ್ಸಿನ ಅಬ್ಬೆ ದುಬೋಯ್ ಸ್ವಾಮಿಗಳು ಸೇವೆ ಮಾಡಿದ್ದು ನಿಮಗೆ ಗೊತ್ತಿರಬಹುದು. ಸಿಡುಬಿಗೆ ಲಸಿಕೆ ಹಾಕಿಸೋಕೆ ಓಡಾಡಿದವರು ಅವರು. ಇಲ್ಲಿನ ಜನರ ಆಚಾರ ವಿಚಾರದ ಬಗ್ಗೆ ಅವರ ಹೆಸರಲ್ಲಿದ್ದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಬಂತು, ಬಹಳ ಹೆಸರೂ ಮಾಡಿತು. ಆದರೆ ಅದರಲ್ಲಿ ಹೆಚ್ಚಿನ ಭಾಗ ಅವರಿಗಿಂತ ಮುಂಚಿನ ಜೆಸ್ವಿಟ್ ಪಾದ್ರಿ ಕೂರ್ದು ಬರೆದದ್ದು ಅಂತ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದ್ವಾಂಸೆ 1987ರಲ್ಲಿ ಪ್ರಕಟಿಸಿ ತೋರಿಸಿದರು. ಆ ಕಾಲದ ರೂಢಿ ಬೇರೆ ಇತ್ತು, ನಿಜ. ಆದರೂ ಅಷ್ಟು ಸೇವೆ ಮಾಡಿದವರ ಹೆಸರಿನ ಜೊತೆ ಈಗ ಈ ಮಾತೂ ಬರುತ್ತೆ, ಅಲ್ವಾ? ಅದಕ್ಕೇ ಓದಿದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಲೇಖಕರು, ಪುಸ್ತಕ, ಊರು, ಪ್ರಕಾಶಕರು, ವರ್ಷ, ಪುಟ ಬರೆದಿಡಿ. ಪುಟದ ಸಂಖ್ಯೆ ಬಿಟ್ಟರೆ ಆರು ತಿಂಗಳ ಮೇಲೆ ಹುಡುಕಿ ಹುಡುಕಿ ಸಾಕಾಗುತ್ತೆ. ಅಜ್ಜಿಯೊಬ್ಬರು ಹೇಳಿದ ಮಾತಿಗೂ ಹೀಗೇ: ದಿನ, ಜಾಗ ಬರೆದುಕೊಳ್ಳಿ.

ಮಾತಾಡಿಸುವ ಮುಂಚೆ ಅವರ ಒಪ್ಪಿಗೆ ಕೇಳಿ. ಅಯ್ಯನವರು ಕೇಳಿದರೆ ಜನ ಬೇಡ ಅನ್ನಲ್ಲ, ಆದ್ದರಿಂದ 'ಬೇಡ ಅನ್ನಿಸಿದರೆ ಬೇಡ ಅನ್ನಿ' ಅಂತ ನೀವೇ ಹೇಳಬೇಕು. ಹೆಸರು ಬದಲಿಸಿದರೆ ಸಾಲದು. ತೋಟದ ಹೆಸರು ಹಾಕಿದರೆ ಯಾರು ಅಂತ ಮೇಸ್ತ್ರಿಗೂ ಲೆಕ್ಕ ಬರೆಯೋ ರೈಟರಿಗೂ ಗೊತ್ತಾಗಿಬಿಡುತ್ತೆ. ನಿಮ್ಮ ಜೊತೆ ಮಾತಾಡಿದವರ ಕೂಲಿ ಅಲ್ಲೇ ಇರೋದು.

ಭಾಷೆಯ ಭಯ ಬಿಡಿ. ವಾದವನ್ನು ಕನ್ನಡದಲ್ಲಿ ಪೂರ್ತಿ ಬರೆದು, ಬೇಕಾದರೆ ಆಮೇಲೆ ಇಂಗ್ಲಿಷ್ ಮಾಡಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೂ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಮಿಷನ್ ಕಾಲದ ಹಳೇ ದಾಖಲೆಗಳಿವೆ. ಮುಂಚೆ ಪತ್ರ ಬರೆದು ಕೇಳಿಕೊಂಡು ಹೋಗಿ. ಎಲ್ಲಾದರೂ ಒಂದು ಒಳ್ಳೇ ಎಂ.ಟಿಎಚ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) ಪ್ರಬಂಧ ಸಿಕ್ಕರೆ ಅಡಿಟಿಪ್ಪಣಿಗಳನ್ನೇ ಮೊದಲು ಓದಿ. ನಾನು ಕಲಿತದ್ದು ಜಾಸ್ತಿ ಅದರಿಂದಲೇ.

ಕಳಿಸುವಾಗ ಆ ಜರ್ನಲ್ಲಿನ ಹಿಂದಿನ ಎರಡು ಮೂರು ಸಂಚಿಕೆ ಓದಿ. ಒಂದು ಲೇಖನ ಒಂದೇ ಕಡೆ ಕಳಿಸಬೇಕು, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ದುಡ್ಡು ಕಟ್ಟಿದರೆ ಎರಡೇ ದಿನದಲ್ಲಿ ಹಾಕ್ತೀವಿ ಅನ್ನುವವರ ಹತ್ತಿರ ಹೋಗಬೇಡಿ.

ಕೊಯ್ಲಿನ ಕಾಲದಲ್ಲಿ ಲೈನ್ ಮನೆಯವರಿಗೆ ಕೂತು ಮಾತಾಡೋಕೆ ಬಿಡುವಿರಲ್ಲ. ಆ ದಿನಗಳಲ್ಲಿ ನಿಮ್ಮ ಸಭೆಯ ದೀಕ್ಷಾಸ್ನಾನದ ರಿಜಿಸ್ಟರ್ ತೆಗೆದು ನೋಡಿ. ತಂದೆ ತಾಯಿಯ ಊರು, ಕೆಲಸ ಬರೆದಿದ್ದರೆ ವರ್ಷವಾರು ಪಟ್ಟಿ ಮಾಡಿ. ಯಾವ ಊರಿಂದ ಯಾವಾಗ ಬಂದರು ಅಂತ ಅದರಲ್ಲೇ ಕಾಣಬಹುದು. ಕೊಯ್ಲು ಮುಗಿದ ಮೇಲೆ ಆ ಪಟ್ಟಿ ಹಿಡಿದುಕೊಂಡು ಅಜ್ಜಿಯರ ಹತ್ತಿರ ಹೋಗಿ.