ಪ್ರತಿಕ್ರಿಯೆ: ವಂಶದಲ್ಲಿ ಯಾರಿಗೂ ಇಲ್ಲದ ಎಚ್‌ಪಿವಿ ತಾಯಿಯವರಿಗೆ ಹೇಗೆ ಬಂತು?

ಗದಗಿನಲ್ಲಿರುವ ನಿಮ್ಮ ತಾಯಿಯವರ ವರದಿಯಲ್ಲಿ ಎಚ್‌ಪಿವಿ 16 (ಹ್ಯೂಮನ್ ಪ್ಯಾಪಿಲೋಮ ವೈರಾಣುವಿನ ಒಂದು ಬಗೆ) ಪಾಸಿಟಿವ್ ಎಂದು ಬಂದಿರುವುದಕ್ಕೆ ಕಾರಣ ವಂಶವಲ್ಲ. ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಾಣು, ಬಹುತೇಕ ಹೆಂಗಸರಿಗೂ ಗಂಡಸರಿಗೂ ಒಂದಲ್ಲ ಒಂದು ಕಾಲಕ್ಕೆ ತಗುಲಿ, ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುವಂಥದ್ದು. ಹೋಗದೆ ಉಳಿದಾಗ ಮಾತ್ರ ಗರ್ಭಕೊರಳಿನ (ಗರ್ಭಚೀಲದ ಬಾಯಿಯ) ಜೀವಕೋಶಗಳು ಕೆಡತೊಡಗುತ್ತವೆ, ಅದು ಕ್ಯಾನ್ಸರ್ ಆಗಲು ಹೆಚ್ಚಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಳೆಯ ವಯಸ್ಸಿನ ಮದುವೆ, ಹಲವು ಹೆರಿಗೆಗಳು, ತಂಬಾಕಿನ ಹೊಗೆ, ಎಚ್‌ಐವಿ ಸೋಂಕು ಇವು ಅಪಾಯವನ್ನು ಹೆಚ್ಚಿಸುತ್ತವೆ. ಸೋಂಕು ಯಾವಾಗ, ಯಾರಿಂದ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು. ಆದ್ದರಿಂದ ದಯವಿಟ್ಟು ಮನೆಯಲ್ಲಿ ಯಾರನ್ನೂ ಸಂಶಯಿಸಬೇಡಿ.

ಮೊದಲು ಕಾಲ್ಪೊಸ್ಕೊಪಿ, ಅಂದರೆ ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ, ಮಾಡಿಸಿ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಥವಾ ಅಲ್ಲಿನ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ (ಈಗ ಕೆಎಂಸಿಆರ್‌ಐ) ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಬಹುದು. ನಮ್ಮ ಅಕ್ಕನಿಗೆ ಮಾಡಿದಾಗ, ಗರ್ಭಕೊರಳಿಗೆ ಹುಳಿ ವಾಸನೆಯ ಅಸಿಟಿಕ್ ಆಮ್ಲವನ್ನು ಹಚ್ಚಿ ಒಂದು ನಿಮಿಷ ಕಾದರು. ಕೆಟ್ಟ ಭಾಗ ಸುಣ್ಣ ಬಳಿದಂತೆ ಬೆಳ್ಳಗಾಯಿತು, ಅಲ್ಲಿಂದ ಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳುಹಿಸಿದರು. ಬದಲಾವಣೆ ಕ್ಯಾನ್ಸರ್‌ಪೂರ್ವ ಹಂತದಲ್ಲಿದ್ದರೆ ಸಾಮಾನ್ಯವಾಗಿ ಆ ಭಾಗವನ್ನಷ್ಟೇ ಸುಟ್ಟು ಅಥವಾ ಕತ್ತರಿಸಿ ತೆಗೆಯುತ್ತಾರೆ. ನಮ್ಮ ಕಡೆ ವರದಿ ನೋಡಿದ ಕೂಡಲೇ ಗರ್ಭಚೀಲ ತೆಗೆಸಿಬಿಡಿ ಎನ್ನುವವರಿದ್ದಾರೆ; ಪಾಸಿಟಿವ್ ವರದಿಯೊಂದರ ಮೇಲೆಯೇ ಅದಕ್ಕೆ ಖಂಡಿತ ಒಪ್ಪಬೇಡಿ. ಏನೂ ಕಾಣದಿದ್ದರೂ ವೈದ್ಯರು ಹೇಳಿದ ಅವಧಿಗೆ ಮರುಪರೀಕ್ಷೆ ತಪ್ಪಿಸಬಾರದು. ಮುಟ್ಟು ನಿಂತ ಮೇಲೆ ಅಥವಾ ಸಂಪರ್ಕದ ನಂತರ ರಕ್ತ ಕಾಣಿಸಿಕೊಂಡಿದ್ದರೆ ಈ ವಾರವೇ ಕರೆದುಕೊಂಡು ಹೋಗಿ.