ಸೂಪರ್‌ಹೀರೋ ಸಿನಿಮಾಗಳು ಜನರಿಗೆ ಸಾಕಾಗಿವೆಯೇ?

ಹೀರೋಗಳಿಗಿಂತ ಹೆಚ್ಚಾಗಿ, ಅವರ ಸಿನಿಮಾ ನೋಡುವ ಮುನ್ನ ಮಾಡಿಕೊಳ್ಳಬೇಕಾದ ಹೋಂವರ್ಕ್ ಜನರಿಗೆ ಬೇಸರ ತರಿಸಿದೆ ಎನ್ನುವುದು ನನ್ನ ಅನಿಸಿಕೆ.

2023ರ ‘ದಿ ಮಾರ್ವೆಲ್ಸ್’ ಚಿತ್ರವನ್ನೇ ನೋಡಿ. ಮೂವರು ನಾಯಕಿಯರು. ಒಬ್ಬಳ ಪರಿಚಯವಾದದ್ದು 2019ರ ‘ಕ್ಯಾಪ್ಟನ್ ಮಾರ್ವೆಲ್’ ಸಿನಿಮಾದಲ್ಲಿ. ಇನ್ನೊಬ್ಬಳಿಗೆ ಶಕ್ತಿ ಬಂದದ್ದು ‘ವಾಂಡಾವಿಷನ್’ ಎಂಬ ಒಟಿಟಿ ಸರಣಿಯಲ್ಲಿ, ಮೂರನೆಯವಳ ಕಥೆ ‘ಮಿಸ್ ಮಾರ್ವೆಲ್’ ಎಂಬ ಮತ್ತೊಂದು ಸರಣಿಯಲ್ಲಿ. ಎರಡೂ ಸೇರಿ 15 ಕಂತು! ಟಿಕೆಟ್ಟಿಗೂ ದುಡ್ಡು ಕೊಟ್ಟು, ಒಟಿಟಿ ಚಂದಾವನ್ನೂ ಕಟ್ಟಿ, ಪರೀಕ್ಷೆಗೆ ಓದಿದಂತೆ ಓದಿಕೊಂಡು ಹೋಗುವ ತಾಳ್ಮೆ ಎಷ್ಟು ಜನರಿಗಿದೆ? ‘ಕ್ಯಾಪ್ಟನ್ ಮಾರ್ವೆಲ್’ ಜಗತ್ತಿನಾದ್ಯಂತ ಸುಮಾರು 113 ಕೋಟಿ ಡಾಲರ್ ಗಳಿಸಿದ್ದರೆ, ಇದು 20 ಕೋಟಿಯ ಆಸುಪಾಸಿನಲ್ಲೇ ನಿಂತಿತು.

ಸರಕು ವಿಪರೀತವಾದದ್ದೂ ನಿಜ. 2021ರ ಒಂದೇ ವರ್ಷದಲ್ಲಿ, ಈ ಸಿನಿಮಾಗಳನ್ನು ತಯಾರಿಸುವ ಮಾರ್ವೆಲ್ ಸ್ಟುಡಿಯೋಸ್ ನಾಲ್ಕು ಸಿನಿಮಾ, ಐದು ಸರಣಿ ಹೊರತಂದಿತು. ದಿನವೂ ಬಡಿಸಿದರೆ ಹೋಳಿಗೆಯೂ ಸಪ್ಪೆಯೇ.

ಹಾಗೆಂದು ಜನ ಬೆನ್ನು ತಿರುಗಿಸಿದ್ದಾರೆ ಎನ್ನಲಾಗದು. 2024ರಲ್ಲಿ ‘ಡೆಡ್‌ಪೂಲ್ ಆಂಡ್ ವುಲ್ವರಿನ್’ 130 ಕೋಟಿ ಡಾಲರ್ ದಾಟಿತು. (ಅದರಲ್ಲೂ ಹಳೆಯ ಉಲ್ಲೇಖಗಳು ಬೇಕಾದಷ್ಟಿವೆ, ಆದರೆ 2000ನೇ ಇಸವಿಯಿಂದ ತೆರೆಯ ಮೇಲೆ ನೋಡುತ್ತಿರುವ ವುಲ್ವರಿನ್‌ಗೆ ಯಾರ ಪರಿಚಯಪತ್ರ ಬೇಕು?) ಅದೇ ವರ್ಷ, ಮಾರ್ವೆಲ್‌ನ ಮಾಲೀಕ ಸಂಸ್ಥೆ ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅವರು ಮಾರ್ವೆಲ್ ಸಿನಿಮಾಗಳನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರಕ್ಕೆ ಇಳಿಸುವುದಾಗಿ ಹೇಳಿದರು.